ಭಯವೇ ಬೆಲೆ ಕಟ್ಟುವ ಸರಕು

ಅರಬಿ ಭಾಷೆಯಲ್ಲಿ ಉಗ್ರಾಣಕ್ಕೆ 'ಮಖ್‌ಝನ್' ಎನ್ನುತ್ತಾರೆ. ಯುರೋಪಿಗೆ ಸಾಗಿದ ಈ ಪದವೇ ಮುಂದೆ 'ಮ್ಯಾಗಝಿನ್' ಆಗಿ, ಓದುವ ನಿಯತಕಾಲಿಕೆಗೂ ರೈಫಲ್‌ಗೆ ಗುಂಡು ಒದಗಿಸುವ ಪೆಟ್ಟಿಗೆಗೂ ಒಂದೇ ಹೆಸರಾಯಿತು. ಈ ಎರಡನೆಯ ಮ್ಯಾಗಝಿನ್ ಒಂದು ಸ್ಪ್ರಿಂಗ್ ಕೂಡಿಸಿದ ತಗಡಿನ ಅಥವಾ ಪ್ಲಾಸ್ಟಿಕ್‌ನ ಡಬ್ಬಿ. ಸಾಮಾನ್ಯವಾಗಿ 30 ಗುಂಡುಗಳನ್ನು ಹಿಡಿಯುತ್ತದೆ. ಅಮೆರಿಕದ ಅಂಗಡಿಗಳಲ್ಲಿ ಶಾಂತ ದಿನಗಳಲ್ಲಿ ಹತ್ತು-ಹದಿನೈದು ಡಾಲರ್‌ಗೆ ದೊರೆಯುವ ಈ ಡಬ್ಬಿಯ ಬೆಲೆಯು ಕೆಲವೊಮ್ಮೆ ಹಠಾತ್ತನೆ ಹಲವು ಪಟ್ಟು ಏರುತ್ತದೆ. ಅದು ಏರುವ ಸಮಯವನ್ನು ಗಮನಿಸಿದರೆ ಆ ಸಮಾಜದ ರೋಗವೇನೆಂಬುದು ತಿಳಿಯುತ್ತದೆ.

1989ರ ಜನವರಿಯಲ್ಲಿ ಕ್ಯಾಲಿಫೋರ್ನಿಯಾದ ಸ್ಟಾಕ್ಟನ್ ನಗರದ ಶಾಲೆಯೊಂದರಲ್ಲಿ ಐವರು ಪುಟ್ಟ ಮಕ್ಕಳು ಗುಂಡಿಗೆ ಬಲಿಯಾದರು. ಅವರೆಲ್ಲರೂ ಕಾಂಬೋಡಿಯಾ ಮತ್ತು ವಿಯೆಟ್ನಾಂನಿಂದ ಆಶ್ರಯ ಅರಸಿ ಬಂದ ಕುಟುಂಬಗಳ ಕುಡಿಗಳು. ಹಂತಕನ ಕೈಯಲ್ಲಿದ್ದುದು ವಿದೇಶೀ ರೈಫಲ್. ಅದೇ ವರ್ಷ ಹಿರಿಯ ಬುಷ್ ಸರಕಾರವು ಇಂತಹ ರೈಫಲ್‌ಗಳ ಆಮದನ್ನು ನಿಷೇಧಿಸಿತು. ಮರುವರ್ಷ ಬಂದ ಕಾನೂನಿನಡಿ ರೂಪುಗೊಂಡ ನಿಯಮದ ಪ್ರಕಾರ, ಪಟ್ಟಿ ಮಾಡಲಾದ 20 ಬಿಡಿಭಾಗಗಳ ಪೈಕಿ ಹತ್ತಕ್ಕಿಂತ ಹೆಚ್ಚು ವಿದೇಶೀ ಭಾಗಗಳಿದ್ದರೆ ಅಂತಹ ರೈಫಲನ್ನು ಜೋಡಿಸುವಂತಿಲ್ಲ. ಒಂದು ಮ್ಯಾಗಝಿನ್‌ನಲ್ಲಿ ಈ ಪಟ್ಟಿಯ ಮೂರು ಭಾಗಗಳಿವೆ. ಆದ್ದರಿಂದ ಸ್ವದೇಶೀ ಮ್ಯಾಗಝಿನ್ ತೊಡಿಸಿದರೆ ಮೂರು ಅಂಕ ದಕ್ಕುತ್ತದೆ. ಮಕ್ಕಳ ಸಾವಿನಿಂದ ಹುಟ್ಟಿದ ಕಾನೂನು ಕೊನೆಗೆ ದೇಶೀ ತಯಾರಕರಿಗೆ ಗಿರಾಕಿಗಳನ್ನು ಒದಗಿಸಿತು. ರೈಫಲ್ ಉಳಿಯಿತು, ಅದರ ಬಿಡಿಭಾಗದ ವಿಳಾಸ ಮಾತ್ರ ಬದಲಾಯಿತು!

1994ರ ಸೆಪ್ಟೆಂಬರ್‌ನಲ್ಲಿ ಇನ್ನೊಂದು ಕಾನೂನು ಬಂತು. ಹತ್ತಕ್ಕಿಂತ ಹೆಚ್ಚು ಗುಂಡು ಹಿಡಿಯುವ ಹೊಸ ಮ್ಯಾಗಝಿನ್‌ಗಳನ್ನು ನಾಗರಿಕರಿಗೆ ಮಾರುವುದನ್ನು ಅದು ನಿಷೇಧಿಸಿತು. ಆದರೆ ಅದಕ್ಕೆ ಮೊದಲೇ ತಯಾರಾದುವುಗಳನ್ನು ಇಟ್ಟುಕೊಳ್ಳಲು, ಮಾರಲು ಅಡ್ಡಿಯಿರಲಿಲ್ಲ. ಕಾನೂನು ಬರುತ್ತಿದೆಯೆಂದು ತಿಳಿದ ಕಾರ್ಖಾನೆಗಳು ಉತ್ಪಾದನೆಯನ್ನು ಹೆಚ್ಚಿಸಿದವು. ನಿಷೇಧಪೂರ್ವ ಎಂಬ ಹಣೆಪಟ್ಟಿಯೇ ಮೌಲ್ಯವಾಯಿತು; ಹಳೆಯ ಡಬ್ಬಿಗಳು ದುಬಾರಿಯಾದವು. ಹತ್ತು ವರ್ಷಗಳ ಅವಧಿ ಮುಗಿದು 2004ರ ಸೆಪ್ಟೆಂಬರ್ 13ರಂದು ಆ ಕಾನೂನು ತಾನಾಗಿಯೇ ಸತ್ತಿತು. ಕಾಂಗ್ರೆಸ್ ಅದಕ್ಕೆ ಮರುಜೀವ ಕೊಡಲಿಲ್ಲ.

2012ರ ಡಿಸೆಂಬರ್ 14ರಂದು ಕನೆಕ್ಟಿಕಟ್‌ನ ಸ್ಯಾಂಡಿ ಹುಕ್ ಶಾಲೆಯಲ್ಲಿ 20 ಮಕ್ಕಳು ಮತ್ತು ಆರು ಮಂದಿ ಸಿಬ್ಬಂದಿಯ ಹತ್ಯೆಯಾಯಿತು. ಹಂತಕನು ಐದು ನಿಮಿಷಗಳೊಳಗೆ 154 ಗುಂಡುಗಳನ್ನು ಹಾರಿಸಿದ್ದು 30 ಗುಂಡುಗಳ ಮ್ಯಾಗಝಿನ್‌ಗಳಿಂದ. ದೇಶ ಕಣ್ಣೀರಿಡುತ್ತಿದ್ದಾಗಲೇ ಅಂತಹವೇ ಮ್ಯಾಗಝಿನ್‌ಗಳಿಗಾಗಿ ಜನರು ಮುಗಿಬಿದ್ದರು. ಅಂಗಡಿಗಳ ಕಪಾಟುಗಳು ಬರಿದಾದವು, ಬೆಲೆ ಗಗನಕ್ಕೇರಿತು. ಸರಕಾರ ನಿಷೇಧಿಸೀತು ಎಂಬ ಆತಂಕವೇ ಅದಕ್ಕೆ ಕಾರಣ. ಕೊಲರಾಡೊ ರಾಜ್ಯವು 2013ರಲ್ಲಿ 15 ಗುಂಡುಗಳ ಮಿತಿ ಹೇರಿದಾಗ, ಅಲ್ಲಿನ ಪ್ರಸಿದ್ಧ ಮ್ಯಾಗಝಿನ್ ಕಂಪೆನಿ ಮ್ಯಾಗ್‌ಪುಲ್ ತನ್ನ ಕಾರ್ಖಾನೆಯನ್ನು ವಯೋಮಿಂಗ್‌ಗೂ ಮುಖ್ಯ ಕಚೇರಿಯನ್ನು ಟೆಕ್ಸಾಸ್‌ಗೂ ಒಯ್ಯುವುದಾಗಿ ಸಾರಿತು. 2019ರ ಮಾರ್ಚ್ ಕೊನೆಯಲ್ಲಿ ಫೆಡರಲ್ ನ್ಯಾಯಾಧೀಶರೊಬ್ಬರು ಕ್ಯಾಲಿಫೋರ್ನಿಯಾದ ನಿಷೇಧವನ್ನು ರದ್ದುಪಡಿಸಿದರು. ತೀರ್ಪಿಗೆ ತಡೆ ಬೀಳುವವರೆಗಿನ ಒಂದೇ ವಾರದಲ್ಲಿ ಲಕ್ಷಗಟ್ಟಲೆ ಮ್ಯಾಗಝಿನ್‌ಗಳು ಆ ರಾಜ್ಯವನ್ನು ಹೊಕ್ಕವು. 2025ರಲ್ಲಿ ಮೇಲ್ಮನವಿ ನ್ಯಾಯಾಲಯವು ನಿಷೇಧವನ್ನು ಎತ್ತಿಹಿಡಿಯಿತಾದರೂ ಹೊಕ್ಕ ಸರಕು ಹಿಂದಿರುಗುವುದೇ?

ಇದಕ್ಕೆ ವ್ಯತಿರಿಕ್ತವಾದ ದೃಶ್ಯವನ್ನೂ ನೋಡಬೇಕು. ಬಂದೂಕು ಪರವಾದ ಟ್ರಂಪ್ 2016ರಲ್ಲಿ ಗೆದ್ದಾಗ ಬಂದೂಕು ಕಂಪೆನಿಗಳ ಶೇರುಗಳು ಕುಸಿದವು. ಎರಡು ಶತಮಾನಗಳ ಇತಿಹಾಸದ ರೆಮಿಂಗ್ಟನ್ ಕಂಪೆನಿ 2018ರಲ್ಲಿ ದಿವಾಳಿ ಅರ್ಜಿ ಸಲ್ಲಿಸಿತು. ಸಾಲದ ಹೊರೆಯ ಜೊತೆಗೆ ಮಾರಾಟದ ಕುಸಿತವೂ ಅದಕ್ಕೆ ಕಾರಣವಾಗಿತ್ತು. ಮಿತ್ರನು ಅಧಿಕಾರಕ್ಕೆ ಬಂದಾಗ ನಷ್ಟ, ವಿರೋಧಿ ಬಂದಾಗ ಲಾಭ! ಈ ವ್ಯಾಪಾರದ ಬಂಡವಾಳ ಯಾವುದೆಂಬುದಕ್ಕೆ ಬೇರೆ ಸಾಕ್ಷ್ಯ ಬೇಕಿಲ್ಲ.

ಮ್ಯಾಗಝಿನ್ ಬದಲಿಸಲು ಕೆಲವೇ ಸೆಕೆಂಡುಗಳು ಸಾಕು, ಮಿತಿ ಹೇರಿ ಪ್ರಯೋಜನವೇನು, ಆತ್ಮರಕ್ಷಣೆ ತಮ್ಮ ಹಕ್ಕಲ್ಲವೇ ಎಂದು ಆ ದೇಶದ ಬಂದೂಕುಪ್ರಿಯರು ಕೇಳುತ್ತಾರೆ. ಆತ್ಮರಕ್ಷಣೆಯ ಹಕ್ಕನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಆ ಸೆಕೆಂಡುಗಳ ಬೆಲೆ ಟೂಸಾನ್ ನಗರದ ಜನರಿಗೆ ಗೊತ್ತು. 2011ರಲ್ಲಿ ಅಲ್ಲಿ 33 ಗುಂಡುಗಳ ಮ್ಯಾಗಝಿನ್ ಖಾಲಿಯಾಗಿ ಹಂತಕನು ಇನ್ನೊಂದನ್ನು ತುಂಬಲು ಯತ್ನಿಸಿದಾಗಲೇ ನಾಗರಿಕರು ಅವನನ್ನು ಕೆಡವಿದ್ದು. ಅಷ್ಟರಲ್ಲಿ ಒಂಬತ್ತು ವರ್ಷದ ಬಾಲಕಿಯೂ ಸೇರಿ ಆರು ಜೀವಗಳು ಹೋಗಿದ್ದವು. ಡಬ್ಬಿ ಚಿಕ್ಕದಾಗಿದ್ದರೆ ಆ ಅವಕಾಶ ಬೇಗನೆ ಬರುತ್ತಿತ್ತು.

ಸರಿಯಾದ ದಾರಿಯನ್ನು ನ್ಯೂಝಿಲೆಂಡ್ ತೋರಿಸಿತು. 2019ರ ಮಾರ್ಚ್ 15ರ ಶುಕ್ರವಾರ ಕ್ರೈಸ್ಟ್‌ಚರ್ಚ್‌ನ ಎರಡು ಮಸೀದಿಗಳಲ್ಲಿ ನಡೆದ ದಾಳಿಯಲ್ಲಿ 51 ಮಂದಿ ಹುತಾತ್ಮರಾದರು. ದೊಡ್ಡ ಮ್ಯಾಗಝಿನ್ ಕೊಳ್ಳಲು ಆಗ ಅಲ್ಲಿ ಪರವಾನಿಗೆಯೇ ಬೇಕಿರಲಿಲ್ಲ. ಸಾಮಾನ್ಯ ಪರವಾನಿಗೆಯ ರೈಫಲ್‌ಗೆ ಅದನ್ನು ತೊಡಿಸಿದರೆ ಯುದ್ಧದ ಆಯುಧ ಸಿದ್ಧವಾಗುತ್ತಿತ್ತು. ಪ್ರಧಾನಿ ಜಸಿಂಡಾ ಆರ್ಡರ್ನ್ ಆರನೆಯ ದಿನವೇ ನಿಷೇಧವನ್ನು ಪ್ರಕಟಿಸಿದರು. ಜನರು ಅಂಗಡಿಗೆ ಓಡಿ ದಾಸ್ತಾನು ಮಾಡದಂತೆ, ಅದೇ ಮಧ್ಯಾಹ್ನದಿಂದ ಜಾರಿಯಾಗುವ ಆದೇಶವನ್ನೂ ಹೊರಡಿಸಿದರು. ಎಪ್ರಿಲ್‌ನಲ್ಲಿ ಸಂಸತ್ತು 119-1 ಮತಗಳಿಂದ ಕಾನೂನನ್ನು ಅಂಗೀಕರಿಸಿತು. ಸರಕಾರವು ಪರಿಹಾರ ಕೊಟ್ಟು 50,000ಕ್ಕೂ ಹೆಚ್ಚು ಬಂದೂಕುಗಳನ್ನು ಮರಳಿ ಪಡೆಯಿತು. ಹಳೆಯದಕ್ಕೆ ವಿನಾಯಿತಿಯಿಲ್ಲ, ಆತಂಕದ ಖರೀದಿಗೆ ಸಮಯವಿಲ್ಲ; ಹಾಗಾಗಿ ಭಯವನ್ನು ಮಾರುವವನಿಗೆ ಅಲ್ಲಿ ಮಾರುಕಟ್ಟೆಯೂ ಇರಲಿಲ್ಲ.

ಎರಡೂ ದೇಶಗಳಲ್ಲಿ ಪ್ರಜಾಪ್ರಭುತ್ವವಿದೆ, ಬೇಟೆಗಾರರಿದ್ದಾರೆ, ಬಂದೂಕು ವ್ಯಾಪಾರಿಗಳಿದ್ದಾರೆ. ಒಂದು ದೇಶವು ದುಃಖದ ಆರು ದಿನಗಳಲ್ಲಿ ತೀರ್ಮಾನಿಸಿತು. ಇನ್ನೊಂದು ದೇಶವು ದಶಕಗಳಿಂದ ಚರ್ಚಿಸುತ್ತಿದೆ, ಮತ್ತು ಪ್ರತಿಯೊಂದು ಚರ್ಚೆಯೂ ಇನ್ನಷ್ಟು ಡಬ್ಬಿಗಳನ್ನು ಮಾರಿಕೊಡುತ್ತಿದೆ. ನೆರೆಯವನ ಭಯದಿಂದ ಆಯುಧ ಕೊಳ್ಳುವವನು ನೆರೆಯವನಿಗೆ ತಾನೇ ಭಯವಾಗುತ್ತಾನೆ. ಇಬ್ಬರಿಗೂ ಮಾರುವವನು ಮಾತ್ರ ನೆಮ್ಮದಿಯಿಂದಿರುತ್ತಾನೆ. ಭಯವನ್ನು ಬಿತ್ತುವವರ ಮಾತು ಎಲ್ಲಿ ಕೇಳಿಬಂದರೂ, ಅದರ ಫಸಲು ಯಾರ ಕಣಜವನ್ನು ಸೇರುತ್ತಿದೆ ಎಂಬ ಪ್ರಶ್ನೆಯನ್ನು ನಮ್ಮ ಮನೆಗಳಲ್ಲಿ ಮಕ್ಕಳಿಗೂ ಕೇಳಲು ಕಲಿಸೋಣ.