ದುಡಿದ ವರ್ಷಗಳಿಗೆ ಬೆಲೆಯಿಲ್ಲವೆ?

ಮುಂಬಯಿ ಕನ್ನಡಿಗರಿಗೆ ಈ ಕಥೆ ಹೊಸತಲ್ಲ. ಕುಂದಾಪುರದ ಕಡೆಯ ಒಂದೇ ಮನೆಯ ಅಣ್ಣ ತಮ್ಮಂದಿರು. ಅಣ್ಣ ಫೋರ್ಟಿನ ಹೋಟೆಲೊಂದರಲ್ಲಿ ಹಗಲು ಲೋಟ ತೊಳೆದು, ರಾತ್ರಿ ಶಾಲೆಯಲ್ಲಿ ಮೆಟ್ರಿಕ್ ಮುಗಿಸಿ, ಬ್ಯಾಂಕು ಸೇರಿ, ಇಂದು ಡೊಂಬಿವಲಿಯ ಸ್ವಂತ ಮನೆಯಲ್ಲಿ ಮೊಮ್ಮಕ್ಕಳೊಡನೆ ಸುಖವಾಗಿದ್ದಾರೆ. ತಮ್ಮ 1980ರ ದಶಕದಲ್ಲಿ ಇದೇ ಮುಂಬಯಿಯಿಂದ ವಿಮಾನವೇರಿ ದುಬೈಗೆ ಹೋದರು. ಮೂವತ್ತನಾಲ್ಕು ವರ್ಷ ಉಗ್ರಾಣದ ಕೆಲಸ ಮಾಡಿದರು. ಮಕ್ಕಳು ಅಲ್ಲಿಯೇ ಹುಟ್ಟಿ ಅಲ್ಲಿಯೇ ಓದಿದರು. ಕೆಲಸ ಮುಗಿದ ದಿನ ಅವರ ಕೈಗೆ ಬಂದದ್ದು ಲೆಕ್ಕ ಚುಕ್ತಾ ಮಾಡಿದ ಹಣ, ಅದರ ಜೊತೆಗೆ ದೇಶ ಬಿಡಲು ಒಂದು ಗಡುವು. ಇಬ್ಬರೂ ಸುರಿಸಿದ ಬೆವರು ಒಂದೇ. ಒಬ್ಬರು ಊರಿನವರಾದರು, ಇನ್ನೊಬ್ಬರು ಕೊನೆಯವರೆಗೂ ಅತಿಥಿಯಾಗಿಯೇ ಉಳಿದರು.

ಅಣ್ಣನಿಗೆ ಮುಂಬಯಿಯಲ್ಲಿ ನೆಲೆಸಲು ಯಾರ ಅಪ್ಪಣೆಯೂ ಬೇಕಿರಲಿಲ್ಲ. ದೇಶದ ಯಾವ ಭಾಗದಲ್ಲಾದರೂ ವಾಸಿಸುವ ಹಕ್ಕನ್ನು ಸಂವಿಧಾನದ 19ನೆಯ ವಿಧಿ ನಮಗೆಲ್ಲ ಕೊಟ್ಟಿದೆ. ಪರದೇಶದಲ್ಲಿ ಆ ಹಕ್ಕನ್ನು ಕೇಳುವಂತಿಲ್ಲವೆಂಬುದು ನಮಗೂ ಗೊತ್ತು. ನಮ್ಮ ಪ್ರಶ್ನೆ ಬೇರೆ. ಒಂದು ನಾಡಿನಲ್ಲಿ ಕಾಯಿದೆಗೆ ತಲೆಬಾಗಿ ಹತ್ತಿಪ್ಪತ್ತು ವರ್ಷ ದುಡಿದವನಿಗೆ ಆ ದುಡಿಮೆಯಿಂದಲೇ ಅಲ್ಲಿ ಉಳಿಯುವ ಅರ್ಹತೆ ಹುಟ್ಟಬೇಡವೆ?

ಕೊಲ್ಲಿ ನಾಡುಗಳಲ್ಲಿ ಸಾಮಾನ್ಯ ನೌಕರನ ವಾಸದ ಪರವಾನಗಿ ಅವನ ನೌಕರಿಗೆ ಕಟ್ಟಿದ ಬಾಲ. ಮಾಲಿಕನ ಹೆಸರಿನಲ್ಲಿ ಗಂಡನ ವೀಸಾ. ಗಂಡನ ಹೆಸರಿನಲ್ಲಿ ಹೆಂಡತಿ ಮಕ್ಕಳ ವೀಸಾ. ಒಂದು ಕೊಂಡಿ ಕಳಚಿದರೆ ಸಂಸಾರವೇ ಗಂಟು ಮೂಟೆ ಕಟ್ಟಬೇಕು. ಯುಎಇಯಲ್ಲಿ ಹುಟ್ಟಿ ಬೆಳೆದ ಮಗನೂ 25 ವರ್ಷ ತುಂಬಿದರೆ ತಂದೆಯ ವೀಸಾದಿಂದ ಹೊರಬೀಳುತ್ತಾನೆ. ಸೌದಿ ಅರೇಬಿಯದಲ್ಲಿ 2017ರ ಜುಲೈಯಲ್ಲಿ ಪರದೇಶೀಯರ ಅವಲಂಬಿತರ ಮೇಲೆ ತಲೆಗೆ ತಿಂಗಳಿಗೆ 100 ರಿಯಾಲ್ ಶುಲ್ಕ ಹೇರಿದರು. 2020ರ ಹೊತ್ತಿಗೆ ಅದು 400ಕ್ಕೇರಿತು. ಹೆಂಡತಿಯನ್ನೂ ಇಬ್ಬರು ಮಕ್ಕಳನ್ನೂ ಹತ್ತಿರ ಇಟ್ಟುಕೊಂಡ ತಪ್ಪಿಗೆ ತಿಂಗಳಿಗೆ 1,200 ರಿಯಾಲ್! ಎಷ್ಟೋ ಮಂದಿ ಸಂಸಾರವನ್ನು ಊರಿಗೆ ಕಳುಹಿಸಿ ಮತ್ತೆ ಒಂಟಿ ಕೋಣೆ ಸೇರಿದರು.

ಹಾಗೆಂದು ಆ ನಾಡುಗಳಲ್ಲಿ ದೀರ್ಘಾವಧಿಯ ವಾಸಕ್ಕೆ ದಾರಿಯೇ ಇಲ್ಲವೆಂದಲ್ಲ. ಯುಎಇ 2019ರಲ್ಲಿ ಗೋಲ್ಡನ್ ವೀಸಾ ತಂದಿತು, 2022ರಲ್ಲಿ ಅದನ್ನು ವಿಸ್ತರಿಸಿತು. ಹತ್ತು ವರ್ಷದ ವಾಸ, ಮಾಲಿಕನ ಹಂಗಿಲ್ಲ. ಯಾರಿಗೆ? 20 ಲಕ್ಷ ದಿರ್ಹಮ್‌ನ ಆಸ್ತಿ ಕೊಂಡವನಿಗೆ, ತಿಂಗಳಿಗೆ 30,000 ದಿರ್ಹಮ್ ಸಂಬಳದ ಪದವೀಧರ ನಿಪುಣನಿಗೆ, ವಿಜ್ಞಾನಿಗೆ, ಪ್ರತಿಭಾವಂತ ವಿದ್ಯಾರ್ಥಿಗೆ. ಸೌದಿ ಸರಕಾರ 2019ರಲ್ಲಿ ಶಾಶ್ವತ ವಾಸಕ್ಕೆ 8 ಲಕ್ಷ ರಿಯಾಲ್ ಎಂದು ನೇರವಾಗಿ ಬೆಲೆಯನ್ನೇ ಕಟ್ಟಿತು. ಕತಾರ್ 2018ರ ಕಾನೂನಿನಲ್ಲಿ ಇಪ್ಪತ್ತು ವರ್ಷ ನೆಲೆಸಿದವರನ್ನು ಪರಿಗಣಿಸುವುದಾಗಿ ಹೇಳಿತು. ವರ್ಷಗಳಿಗೆ ಬೆಲೆ ಬಂತೆಂದು ಸಂತೋಷಪಟ್ಟವರು ಮುಂದಿನ ಸಾಲು ಓದಬೇಕು: ಸಾಕಷ್ಟು ಆದಾಯವಿರಬೇಕು, ಅರಬ್ಬಿ ಬರಬೇಕು, ವರ್ಷಕ್ಕೆ ನೂರು ಮಂದಿಗೆ ಮಾತ್ರ!

ನಿನ್ನೆ ಬಂದು ಆಸ್ತಿ ಕೊಂಡವನು ಹತ್ತು ವರ್ಷ ನಿಶ್ಚಿಂತೆಯಿಂದ ಇರಬಹುದು. ಆ ಆಸ್ತಿಯ ಗೋಡೆ ಎಬ್ಬಿಸಿದವನು ಮುಂದಿನ ನವೀಕರಣಕ್ಕೆ ಕೈಮುಗಿದು ಕಾಯಬೇಕು. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ ಎಂಬ ಗಾದೆಯನ್ನೇ ಕಾಯಿದೆ ಮಾಡಿದಂತಿದೆ.

“ಕರಾರು ಓದಿಯೇ ಹೋದರಲ್ಲ, ಸಂಬಳ ಪಡೆದರಲ್ಲ, ಊರಲ್ಲಿ ಮನೆ ಕಟ್ಟಿದರಲ್ಲ” ಎನ್ನುವವರಿದ್ದಾರೆ. ನಿಜ. ಕೊಲ್ಲಿಯ ಹಣದಿಂದ ಕರಾವಳಿಯ ಎಷ್ಟೋ ಮನೆಗಳ ಒಲೆ ಉರಿದಿದೆ. ಆ ಋಣವನ್ನು ನಾವು ಅಲ್ಲಗಳೆಯುವುದಿಲ್ಲ. ಕೆಲವು ನಾಡುಗಳಲ್ಲಿ ಸ್ಥಳೀಯರೇ ಅಲ್ಪಸಂಖ್ಯಾತರು, ಅವರಿಗೂ ಭಯವಿದೆ, ಅದೂ ನಿಜ. ಆದರೆ ನಾವು ಕೇಳುವುದು ಪೌರತ್ವವನ್ನಲ್ಲ, ಮತವನ್ನಲ್ಲ. ನೌಕರಿ ಹೋದ ಮಾತ್ರಕ್ಕೆ ಮನೆಯೂ ಹೋಗದಿರಲಿ ಎಂಬಷ್ಟೇ. ಎರಡು ವರ್ಷದ ಕರಾರನ್ನು ಹದಿನೇಳು ಸಲ ನವೀಕರಿಸಿದ ಮೇಲೂ ಅವನನ್ನು ತಾತ್ಕಾಲಿಕ ಎನ್ನುವುದು ಯಾವ ನ್ಯಾಯ?

ಇದು ಆಗದ ಮಾತೇನೂ ಅಲ್ಲ. ಐರೋಪ್ಯ ಒಕ್ಕೂಟ 2003ರಲ್ಲೇ ಒಂದು ನಿರ್ದೇಶ ಹೊರಡಿಸಿತು. ಐದು ವರ್ಷ ಸತತವಾಗಿ, ಕಾಯಿದೆಬದ್ಧವಾಗಿ ನೆಲೆಸಿ, ಸ್ಥಿರ ಆದಾಯವೂ ಆರೋಗ್ಯ ವಿಮೆಯೂ ಇರುವ ಪರದೇಶೀಯ ದೀರ್ಘಾವಧಿ ನಿವಾಸಿಯ ಸ್ಥಾನ ಪಡೆಯಬಹುದು. ಅಲ್ಲಿಯೂ ಷರತ್ತುಗಳಿವೆ, ಆದರೆ ಲೆಕ್ಕ ಆರಂಭವಾಗುವುದು ವರ್ಷಗಳಿಂದ, ಥೈಲಿಯಿಂದಲ್ಲ.

ಪರರತ್ತ ಬೆರಳು ತೋರಿಸುವ ಮೊದಲು ನಮ್ಮ ಮನೆಯನ್ನೂ ನೋಡೋಣ. 2016ರಲ್ಲಿ ನಮ್ಮ ಕೇಂದ್ರ ಸಚಿವ ಸಂಪುಟ ವಿದೇಶೀಯರಿಗೆ ಕಾಯಂ ನಿವಾಸದ ಯೋಜನೆಗೆ ಒಪ್ಪಿಗೆ ಕೊಟ್ಟಾಗ ಇಟ್ಟ ಷರತ್ತು ಏನು? 18 ತಿಂಗಳಲ್ಲಿ 10 ಕೋಟಿ ಅಥವಾ 36 ತಿಂಗಳಲ್ಲಿ 25 ಕೋಟಿ ರೂಪಾಯಿ ಬಂಡವಾಳ, ಇಪ್ಪತ್ತು ಮಂದಿಗೆ ಕೆಲಸ. ನಾವೂ ಹಣವನ್ನೇ ತೂಗಿದೆವು. ಇನ್ನು ನಮ್ಮ ಸಂಘ ಸಂಸ್ಥೆಗಳು? ಗೋಲ್ಡನ್ ವೀಸಾ ಪಡೆದವರಿಗೆ ಶಾಲು ಹೊದಿಸಿ, ಹಾರ ಹಾಕಿ, ಫೋಟೋ ಅಚ್ಚು ಮಾಡಿಸುತ್ತೇವೆ. ಅವರ ಸಾಧನೆಗೆ ನಮ್ಮ ಅಸೂಯೆಯಿಲ್ಲ. ಆದರೆ ಮೂವತ್ತನಾಲ್ಕು ವರ್ಷ ದುಡಿದು ಮರಳಿದವರನ್ನು ಯಾವ ವೇದಿಕೆಗೆ ಕರೆದಿದ್ದೇವೆ?

ಆದ್ದರಿಂದ ನಮ್ಮ ಬೇಡಿಕೆ ಸ್ಪಷ್ಟ. ಯುಎಇಯೊಡನೆ 2022ರಲ್ಲಿ ಜಾರಿಗೆ ಬಂದಂತಹ ವ್ಯಾಪಾರ ಒಪ್ಪಂದಗಳ ಮಾತುಕತೆಗೆ ನಮ್ಮ ಸರಕಾರ ಕುಳಿತಾಗಲೆಲ್ಲ, ಸರಕಿನ ಸುಂಕದ ಜೊತೆಗೆ ದುಡಿಯುವವನ ವಾಸದ ಪ್ರಶ್ನೆಯನ್ನೂ ಮೇಜಿನ ಮೇಲಿಡಲಿ. ಇಂತಿಷ್ಟು ವರ್ಷ ದುಡಿದವನಿಗೆ, ಸಂಬಳ ಎಷ್ಟೇ ಇರಲಿ, ಮಾಲಿಕನ ಹಂಗಿಲ್ಲದ ವಾಸ ಸಿಗಬೇಕೆಂದು ಕೇಳಲಿ. ಮುಂಬಯಿ, ಪುಣೆ, ಚೆನ್ನೈ, ದಿಲ್ಲಿಯ ಕನ್ನಡ ಸಂಘಗಳು ಇದಕ್ಕೆ ಒಕ್ಕೊರಲಿನಿಂದ ನಿರ್ಣಯ ಸ್ವೀಕರಿಸಲಿ. ಸಂಸತ್ ಸದಸ್ಯರ ಬಾಗಿಲು ತಟ್ಟಲಿ.

ಊರು ಬಿಟ್ಟು ಬಂದವರು ನಾವು. ಬಂದ ಊರು ನಮ್ಮನ್ನು ತನ್ನವರೆಂದು ಒಪ್ಪಿಕೊಂಡಿತು. ಆ ಭಾಗ್ಯ ಕಂಡ ನಾವೇ, ಅದು ಸಿಗದ ತಮ್ಮಂದಿರ ಪರವಾಗಿ ಬಾಯಿ ತೆರೆಯದಿದ್ದರೆ ಇನ್ನಾರು ತೆರೆಯಬೇಕು?