ಗೊಂಬೆ ಕೊಳ್ಳಲು ಯಾವೂರು?

ಶಾಂತೌ ಚೀನದ ಕಡಲ ದಂಡೆಯ ಊರು. 1980ರಲ್ಲಿ ವಿಶೇಷ ಆರ್ಥಿಕ ವಲಯಕ್ಕೆಂದು ಚೀನ ಆರಿಸಿಕೊಂಡ ನಾಲ್ಕು ಊರುಗಳಲ್ಲಿ ಒಂದು. ಹೋದವರಿಗೆ ಮೀನು-ಸಿಗಡಿಯ ಊಟ, ಪುಟ್ಟ ಬಟ್ಟಲಿನ ಚಹಾ, ಸುತ್ತಾಡಲು ನಾನಾವ್ ದ್ವೀಪ. ಕೊಳ್ಳಲಿಕ್ಕೆ? ಆಟಿಕೆ. ಅಲ್ಲಿನ ಚೆಂಗ್‌ಹಾಯ್ ಭಾಗದ ಕಾರ್ಖಾನೆಗಳು ಜಗತ್ತಿಗೆಲ್ಲ ಪ್ಲಾಸ್ಟಿಕ್ ಗೊಂಬೆ ಕಳಿಸುತ್ತವೆ.

ನಮ್ಮ ಕೊಪ್ಪಳದ ಮಗ್ಗುಲಲ್ಲೂ ಒಂದು ಗೊಂಬೆಯೂರಿದೆ, ಕಿನ್ನಾಳ. ಇಲ್ಲಿ ಕಾರ್ಖಾನೆಯಿಲ್ಲ. ಚಿತ್ರಗಾರರು ಹಗುರ ಕಟ್ಟಿಗೆ ಕೆತ್ತಿ ಜೋಡಿಸುತ್ತಾರೆ. ಸೆಣಬಿನ ಪುಡಿ, ಕಟ್ಟಿಗೆ ಹೊಟ್ಟು, ಹುಣಸೆ ಬೀಜದ ಅಂಟು ಕಲಸಿದ ‘ಕಿಟ್ಟ’ ಮೆತ್ತುತ್ತಾರೆ. ಮೇಲೆ ಅರಿವೆ ಚೂರು, ಕಲ್ಲಿನ ಪುಡಿಯ ಲೇಪ, ಆಮೇಲೆ ಬಣ್ಣ. ಇಷ್ಟಾದ ಗೊಂಬೆಯನ್ನು ಪ್ಲಾಸ್ಟಿಕ್ಕಿನ ಬೆಲೆಗೆ ಕೇಳಿದರೆ ಮಾಡುವವರು ಉಣ್ಣುವುದೇನು? ಭೌಗೋಳಿಕ ಸೂಚಕದ ಮಾನ್ಯತೆಯೇನೋ ಸಿಕ್ಕಿದೆ, ಗಿರಾಕಿ ಬರಬೇಕಲ್ಲ! ಮಕ್ಕಳು ಬೇರೆ ಕೆಲಸ ಹುಡುಕಿದರೆ ಅವರನ್ನು ದೂರುವಂತಿಲ್ಲ.

ಗವಿಮಠದ ಜಾತ್ರೆಗೆ ಬರುವವರು, ಆನೆಗೊಂದಿ, ಸಾಣಾಪುರ ಕೆರೆ ನೋಡಿ ಗಂಗಾವತಿಯಲ್ಲಿ ಒಗ್ಗರಣೆ-ಮಿರ್ಚಿ ತಿಂದು ಹೊರಡುವವರು ಒಂದು ತಾಸು ಇತ್ತ ತಿರುಗಲಿ. ಕಾಮಧೇನು, ಗರುಡ, ಗೌರಿ ಎಲ್ಲವೂ ಮಾಡುವವರ ಮನೆಯಲ್ಲೇ ಸಿಗುತ್ತವೆ. ದೊಡ್ಡ ಗೊಂಬೆ ಬೇಕಿದ್ದರೆ ಮೊದಲೇ ಹೇಳಿಡಿ. ಒಣಗಲು ದಿನ ಹಿಡಿಯುತ್ತದೆ.