ಮನೆಯ ಡಾಮರು ದಾರಿ ಮತ್ತು ಮಳೆಯ ನೀರು



ಪುತ್ತೂರು, ಸುಳ್ಯ, ಕಡಬ ತಾಲೂಕುಗಳಲ್ಲಿ ಪೇಟೆಯ ಸಾಲುಮನೆಗಳನ್ನು ಬಿಟ್ಟರೆ ಹೆಚ್ಚಿನ ಕುಟುಂಬಗಳು ಗುಡ್ಡದ ಮಗ್ಗುಲಲ್ಲಿಯೋ ತೋಟದ ನಡುವೆಯೋ ನೆಲೆಸಿವೆ. ಗೇಟಿನಿಂದ ಅಂಗಳದವರೆಗೆ ಐವತ್ತು ಅಡಿಯೋ ಮುನ್ನೂರು ಅಡಿಯೋ ಉದ್ದದ ದಾರಿ, ಸ್ವಂತ ಖರ್ಚಿನದು. ಹಿಂದೆ ಅದು ಕೆಂಪು ಮಣ್ಣಿನದಾಗಿತ್ತು. ವಾಹನಗಳು ಬಂದ ಮೇಲೆ ಅನೇಕರು ಜಲ್ಲಿ ಹಾಸಿ ಡಾಮರು ಹಾಕಿಸಿದ್ದಾರೆ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಅಂಚು ಒಡೆದು, ಜಲ್ಲಿ ಎದ್ದು, ಹೊಂಡಗಳು ಕಾಣಿಸಿಕೊಳ್ಳುತ್ತವೆ. ಆಗ ಗುತ್ತಿಗೆದಾರನನ್ನು ದೂರುವುದು ವಾಡಿಕೆ. ಕೆಲವೊಮ್ಮೆ ಆ ದೂರು ನಿಜವೂ ಹೌದು. ಆದರೆ ಬಹಳ ಸಲ ಡಾಮರು ಹಾಳಾಗುವುದಕ್ಕೆ ಕಾರಣ, ವಾಹನಕ್ಕೆ ದಾರಿ ಮಾಡಿದವರು ನೀರಿಗೆ ದಾರಿ ಮಾಡದೆ ಇದ್ದುದು.

ಈ ಸೀಮೆಯಲ್ಲಿ ವರ್ಷಕ್ಕೆ ಸುಮಾರು 4000 ಮಿಲಿಮೀಟರಿನ ಆಸುಪಾಸಿನಲ್ಲಿ ಮಳೆ ಸುರಿಯುತ್ತದೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲಿಯೇ. ಒಂದು ಲೆಕ್ಕ ಹಾಕೋಣ. ಹತ್ತು ಅಡಿ ಅಗಲ, ನೂರು ಅಡಿ ಉದ್ದದ ದಾರಿಯ ಮೇಲೆ ಒಂದು ದಿನ 100 ಮಿಲಿಮೀಟರ್ ಮಳೆ ಬಿದ್ದರೆ ಆ ದಾರಿಯೊಂದರ ಮೇಲೆಯೇ ಒಂಬತ್ತು ಸಾವಿರ ಲೀಟರಿಗೂ ಹೆಚ್ಚು ನೀರು ಬಿದ್ದಂತಾಯಿತು. ಮೇಲಿನ ಗುಡ್ಡದಿಂದ ಇಳಿದು ಬರುವ ನೀರು ಇದಕ್ಕೆ ಹೊರತು. ಈ ನೀರು ಜಲ್ಲಿಗೂ ಡಾಮರಿಗೂ ನಡುವೆ ಸೇರಿದರೆ ಅವುಗಳ ಹಿಡಿತ ಬಿಡುತ್ತದೆ. ಅಡಿಯ ಮಣ್ಣು ಮೆತ್ತಗಾಗುತ್ತದೆ. ಮೇಲೆ ಒಂದು ಜೀಪು ಹಾದರೆ ಹೊಂಡ ಸಿದ್ಧ.

ಇದನ್ನು ತಡೆಯಲೆಂದೇ ಸೀಲ್ ಕೋಟ್ ಎಂಬ ಮೇಲುಹೊದಿಕೆ ಇರುವುದು. ನಮ್ಮ ಹಳ್ಳಿಯ ರಸ್ತೆಗಳಿಗೂ ಮನೆದಾರಿಗಳಿಗೂ ಸಾಮಾನ್ಯವಾಗಿ ಹಾಕುವುದು 20 ಮಿಲಿಮೀಟರ್ ದಪ್ಪದ ಜಲ್ಲಿ-ಡಾಮರಿನ ಪದರ. ಇದರ ಜಲ್ಲಿಗಳ ನಡುವೆ ಸಂದು ಉಳಿಯುತ್ತದೆ. ಆ ಸಂದುಗಳನ್ನು ಡಾಮರು ಬೆರೆಸಿದ ಮರಳಿನಿಂದಲೋ ಸಣ್ಣ ಜಲ್ಲಿಪುಡಿಯಿಂದಲೋ ಮುಚ್ಚಬೇಕು. ಹತ್ತು ಚದರ ಮೀಟರಿಗೆ ಸುಮಾರು ಏಳು ಕಿಲೋ ಡಾಮರು ಬೇಕಾಗುತ್ತದೆ. ಖರ್ಚು ಉಳಿಸಲು ಈ ಹೊದಿಕೆಯನ್ನು ಕೈಬಿಡುವವರುಂಟು. ಅಂಥ ದಾರಿ ಜರಡಿಯಂತೆ ನೀರು ಕುಡಿಯುತ್ತದೆ. ಕೆಲಸ ಒಪ್ಪಿಸುವಾಗಲೇ ಸೀಲ್ ಕೋಟ್ ಸೇರಿದೆಯೇ ಎಂದು ಕೇಳಿ ಬರೆಸಿಕೊಳ್ಳುವುದು ಲೇಸು.

ಅಮೆರಿಕ, ಕೆನಡಾಗಳಲ್ಲಿ ನೆಲೆಸಿರುವ ಬಂಧುಗಳು ಕೆಲವು ವರ್ಷಗಳಿಗೊಮ್ಮೆ ಮನೆ ಮುಂದಿನ ದಾರಿಗೆ ಕರಿ ಬಳಿಯುವುದನ್ನು ಕಂಡವರು, ಇಲ್ಲಿಯೂ ಹಾಗೆಯೇ ಮಾಡಬಹುದಲ್ಲವೇ ಎಂದು ಕೇಳುವುದುಂಟು. ಅಲ್ಲಿಯ ಕಾಟ ಹಿಮದ್ದು: ಬಿರುಕಿಗೆ ಇಳಿದ ನೀರು ಹೆಪ್ಪುಗಟ್ಟುವಾಗ ನೂರಕ್ಕೆ ಒಂಬತ್ತು ಪಾಲಿನಷ್ಟು ಹಿಗ್ಗಿ ದಾರಿಯನ್ನು ಸೀಳುತ್ತದೆ. ಅಲ್ಲಿಯ ಪದರ ಸಂದಿಲ್ಲದ ಗಟ್ಟಿ ಮಿಶ್ರಣದ್ದಾದುದರಿಂದ ತೆಳುವಾದ ಲೇಪ ಸಾಕಾಗುತ್ತದೆ. ನಮ್ಮಲ್ಲಿ ಇಳಿಜಾರಿನ ದಾರಿಗೆ ಬರಿಯ ಕರಿ ಬಳಿದರೆ ಅದು ನುಣುಪಾಗಿ, ಮಳೆಯಲ್ಲಿ ಜಾರುಬಂಡೆಯಾಗುತ್ತದೆ. ಲೇಪದ ಮೇಲೆ ಒರಟು ಮರಳನ್ನು ಹರಡಿ ಒತ್ತಲೇಬೇಕು. ಮತ್ತೊಂದು ಎಚ್ಚರ. ಕಲ್ಲಿದ್ದಲಿನಿಂದ ತೆಗೆದ ಟಾರಿನ ಲೇಪವನ್ನು ಮಣ್ಣಿಗೂ ನೀರಿಗೂ ಅದು ಹಾನಿಕರವೆಂಬ ಕಾರಣಕ್ಕೆ 2006ರಲ್ಲಿ ಆಸ್ಟಿನ್ ನಗರವೂ 2011ರಲ್ಲಿ ವಾಷಿಂಗ್ಟನ್ ರಾಜ್ಯವೂ ನಿಷೇಧಿಸಿದವು. ನಮಗೆ ದೊರೆಯುವ ಬಿಟುಮೆನ್ ಕಚ್ಚಾ ತೈಲದಿಂದ ಬಂದದ್ದು. ಅದನ್ನೇ ಕೇಳಿ ಪಡೆಯಬೇಕು. ಗ್ಯಾರೇಜಿನ ಸುಟ್ಟ ಎಣ್ಣೆಯನ್ನು ದಾರಿಗೆ ಸುರಿಯುವುದಂತೂ ಸರ್ವಥಾ ಕೂಡದು. ಅದು ಡಾಮರನ್ನು ಕರಗಿಸುತ್ತದೆ. ಬಾವಿಯ ನೀರನ್ನೂ ಕೆಡಿಸುತ್ತದೆ.

ಹಳೆಯ ದಾರಿಯ ದುರಸ್ತಿಗೆ ಒಂದು ಕ್ರಮವುಂಟು. ಮೊದಲು ಚರಂಡಿ, ನಮ್ಮ ಕಡೆಯ ಮಾತಿನಲ್ಲಿ ಕಣಿ. ಅದನ್ನು ಬಿಡಿಸಿ, ನೀರು ದಾರಿಯ ಮೇಲೆ ಹತ್ತದಂತೆ ಮಾಡಬೇಕು. ದಾರಿಯೂ ಒಂದು ಬದಿಗೆ ವಾಲಿರಬೇಕು; ಹತ್ತು ಅಡಿ ಅಗಲಕ್ಕೆ ಮೂರು ಇಂಚಿನ ಇಳಿತ ಸಾಕು. ಬಳಿಕ ಹೊಂಡಗಳು. ಗಟ್ಟಿ ನೆಲ ಸಿಗುವವರೆಗೆ ಹೊಂಡವನ್ನು ಚೌಕವಾಗಿ ಕಡಿದು, ಧೂಳು ಗುಡಿಸಿ, ಡಾಮರಿನ ಎಮಲ್ಷನ್ ಸವರಿ, ಮಿಶ್ರಣ ತುಂಬಿ ಗುದ್ದಬೇಕು. ಮೂರನೆಯದಾಗಿ ಬಿರುಕುಗಳನ್ನು ತುಂಬಬೇಕು. ಹಾವಸೆಯನ್ನು ಗಟ್ಟಿ ಬ್ರಷ್ಷಿನಿಂದ ಉಜ್ಜಿ ತೆಗೆಯಬೇಕು. ಇವೆಲ್ಲ ಮುಗಿದು ನೆಲ ಪೂರ್ತಿ ಒಣಗಿದ ಮೇಲೆಯೇ ಮೇಲುಹೊದಿಕೆ. ಒದ್ದೆ ನೆಲದ ಮೇಲೆ ಹೊದಿಸಿದರೆ ನೀರನ್ನು ಒಳಗೆ ಕೂಡಿ ಬಾಗಿಲು ಹಾಕಿದಂತಾಗುತ್ತದೆ. ಜನವರಿಯಿಂದ ಏಪ್ರಿಲ್ ಮೊದಲ ಭಾಗದವರೆಗಿನ ಕಾಲ ಇದಕ್ಕೆ ಪ್ರಶಸ್ತ. ಆ ದಿನಗಳಲ್ಲಿಯೇ ರಬ್ಬರಿನ ಎಲೆ ಉದುರುವುದರಿಂದ ಕಣಿ ಮತ್ತೆ ಕಟ್ಟಿಕೊಳ್ಳದಂತೆ ನೋಡಿಕೊಳ್ಳಬೇಕು.

ಎಲ್ಲ ಕಡೆಯೂ ಡಾಮರೇ ಆಗಬೇಕೆಂಬ ಹಟ ಬೇಡ. ಪ್ರತಿ ಮಳೆಗಾಲವೂ ಹಾಳಾಗುತ್ತಿದ್ದ ಶಿರಾಡಿ ಘಾಟಿಯ ರಸ್ತೆಗೆ ಕೊನೆಗೆ 2015 ಮತ್ತು 2018ರಲ್ಲಿ ಎರಡು ಹಂತಗಳಲ್ಲಿ ಕಾಂಕ್ರೀಟು ಹಾಕಬೇಕಾಯಿತು. ಮನೆಯ ದಾರಿಯಲ್ಲಿಯೂ ಕಡಿದಾದ ಏರು, ಸದಾ ನೆರಳು ಬೀಳುವ ತಿರುವು, ನೀರು ಅಡ್ಡ ಹಾಯುವ ಜಾಗಗಳಿಗೆ ಗೀರು ಎಳೆದ ಕಾಂಕ್ರೀಟು ಹೆಚ್ಚು ಬಾಳುತ್ತದೆ. ಉಳಿದೆಡೆ ಡಾಮರು ಸಾಕು.

ಈಗ ಎಲ್ಲಕ್ಕಿಂತ ಮುಖ್ಯವಾದ ಮಾತು. ನಮ್ಮ ದಾರಿಯಿಂದ ಹೊರಗೆ ಹಾಕಿದ ನೀರು ಎಲ್ಲಿಗೆ ಹೋಗುತ್ತದೆ? ಗುಡ್ಡದ ಊರಿನಲ್ಲಿ ಪ್ರತಿಯೊಬ್ಬರ ಕೆಳಗೂ ಇನ್ನೊಬ್ಬರ ಮನೆಯಿರುತ್ತದೆ. ಮೇಲಿನವರು ಕಣಿಯ ಬಾಯನ್ನು ತಮಗೆ ಸರಿಕಂಡ ಕಡೆಗೆ ತಿರುಗಿಸಿದರೆ ಕೆಳಗಿನವರ ಅಡಿಕೆ ತೋಟದ ಮಣ್ಣು ಕೊಚ್ಚಿಹೋಗುತ್ತದೆ. ಮನೆಯ ಹಿಂದಿನ ಬರೆ ಕುಸಿಯುತ್ತದೆ. 2018ರ ಆಗಸ್ಟ್‌ನಲ್ಲಿ ಸುಳ್ಯದಿಂದ ಮಡಿಕೇರಿಗೆ ಹೋಗುವ ಹೆದ್ದಾರಿಯ ಜೋಡುಪಾಲ, ಮದೆನಾಡು ಭಾಗಗಳಲ್ಲಿ ಗುಡ್ಡಗಳು ಜರಿದುದನ್ನು ಈ ಸೀಮೆಯವರು ಮರೆಯಲಾರರು. ನೀರು ಕುಡಿದ ಗುಡ್ಡದ ಬಲವೇನೆಂಬುದು ಅಂದು ಎಲ್ಲರಿಗೂ ಮನವರಿಕೆಯಾಯಿತು. ಆದುದರಿಂದ ಇಂಗುಗುಂಡಿಯನ್ನು ಬರೆಯ ನೆತ್ತಿಯಲ್ಲಿ ತೋಡಬಾರದು. ನೀರನ್ನು ಕಲ್ಲು ಕಟ್ಟಿದ ಕಣಿಯಲ್ಲಿ ನಿಧಾನವಾಗಿ ಇಳಿಸಿ ತೋಡಿಗೆ ಸೇರಿಸಬೇಕು. ಅದಕ್ಕೆ ಮುನ್ನ ಕೆಳಗಿನ ಮನೆಯವರೊಡನೆ ಕುಳಿತು ಮಾತನಾಡಬೇಕು; ಖರ್ಚನ್ನು ಹಂಚಿಕೊಳ್ಳಬೇಕು. ದಾಸೋಹವೆಂದರೆ ಅನ್ನ ನೀಡುವುದಷ್ಟೇ ಆಗಿರದೆ, ನಮ್ಮಿಂದ ನೆರೆಯವರಿಗೆ ಕೇಡಾಗದಂತೆ ಬಾಳುವುದೂ ಅದರಲ್ಲಿ ಸೇರಿದೆ ಎಂದು ನಾವು ಭಾವಿಸುತ್ತೇವೆ.

ಶ್ರಾವಣ ಮಾಸದಲ್ಲಿ ನಮ್ಮ ಮನೆಗಳಿಗೆ ಶಿವಾನುಭವ ಗೋಷ್ಠಿಗೆಂದು, ಪೂಜೆಗೆಂದು ಹಿರಿಯರು ಬರುತ್ತಾರೆ. ಹಾವಸೆ ಹೆಚ್ಚು ಕಟ್ಟುವುದೂ ಅದೇ ಕಾಲದಲ್ಲಿ. ಎಪ್ಪತ್ತು ದಾಟಿದವರೊಬ್ಬರು ಗೇಟಿನ ಬಳಿ ಜಾರಿ ಬಿದ್ದು ಸೊಂಟ ಮುರಿದುಕೊಂಡರೆ, ನಾವು ಉಳಿಸಿದ ನಾಲ್ಕು ಕಾಸಿಗೆ ಬೆಲೆಯೇನು? ದಾರಿಯ ಒಂದು ಬದಿಗೆ ಹಿಡಿಯಲು ಕಂಬಿಯಿದ್ದರೆ ಇನ್ನೂ ಒಳ್ಳೆಯದು.

ಡಾಮರಿನ ಕೆಲಸಕ್ಕೆ ಬರುವವರನ್ನೂ ನೆನೆಯಬೇಕು. ಬಿಟುಮೆನ್ 150 ಡಿಗ್ರಿಗೂ ಮೀರಿ ಕಾಯುತ್ತದೆ. ಮೈಗೆ ಸಿಡಿದರೆ ಅಂಟಿಕೊಂಡೇ ಸುಡುತ್ತದೆ. ಕೈಗವಸು, ಬೂಟುಗಳಿಲ್ಲದೆ ಅವರನ್ನು ದುಡಿಸಬಾರದು. ಸಣ್ಣ ದುರಸ್ತಿಗೆ ಕಾಯಿಸುವ ಅಗತ್ಯವಿಲ್ಲದ ಎಮಲ್ಷನ್ ಸಾಕು. ಹೊತ್ತಿಗೆ ಸರಿಯಾಗಿ ಊಟ, ಸಂಜೆಗೆ ಪೂರ್ಣ ಕೂಲಿ, ಇಷ್ಟು ಸಂದರೆ ಅವರ ಕಾಯಕಕ್ಕೆ ಗೌರವ ಸಂದಂತೆ.

ಬರುವ ಮಳೆಗಾಲಕ್ಕೆ ಮುನ್ನ ಒಂದು ದಿನ ಮನೆಯವರೆಲ್ಲರೂ ದಾರಿಯ ತುದಿಯಿಂದ ಬುಡದವರೆಗೆ ನಡೆದು ನೋಡಿರಿ. ಮೊದಲ ದೊಡ್ಡ ಮಳೆಯಲ್ಲಿ ಕೊಡೆ ಹಿಡಿದು ಮತ್ತೊಮ್ಮೆ ನಡೆಯಿರಿ. ಎಲ್ಲಿ ನೀರು ನಿಂತಿದೆ, ಎಲ್ಲಿ ದಾರಿ ದಾಟಿದೆ ಎಂಬುದನ್ನು ಸುಣ್ಣದಿಂದ ಗುರುತು ಮಾಡಲು ಆಗದಿದ್ದರೂ ಒಂದು ಕಾಗದದಲ್ಲಿ ಬರೆದಿಡಿರಿ. ಮುಂದಿನ ಬೇಸಗೆಯ ಕೆಲಸ ಅಲ್ಲಿಂದಲೇ ಆರಂಭವಾಗಲಿ.